ಅಪ್ಪನ ಬೂಟು

ಕಾಸೆಲ್ ಸುಟ್ಟು ಐದು ತಿಂಗಳಾಗಿತ್ತು.
ಗಾಳಿ ಆ ಕಡೆಯಿಂದ ಬೀಸಿದರೆ
ಅಮ್ಮ ಇನ್ನೂ ಒಗೆದ ಬಟ್ಟೆ ಒಳಗೆ ಎಳೆದುಕೊಳ್ಳುತ್ತಿದ್ದಳು.
ಬೂದಿ ಎಂದೋ ನಿಂತಿತ್ತು, ಕೈ ಮರೆತಿರಲಿಲ್ಲ.

ಅವನು ಬಂದದ್ದು ಬೆಳಗಿನ ಜಾವ,
ಬೀಟ್‌ಗಡ್ಡೆ ಕಿತ್ತ ಹೊಲದ ಹೆಂಟೆಗಳ ಮೇಲೆ, ಬರಿಗಾಲಲ್ಲಿ.
ಪ್ಯಾರಾಚೂಟು ಬಿಚ್ಚಿದಾಗಿನ ಜಗ್ಗಿಗೆ
ತುಪ್ಪಳದ ಬೂಟುಗಳೆರಡೂ ಕಳಚಿ ಬೀಳುತ್ತವಂತೆ,
ಆಮೇಲೆ ಯಾರೋ ಹೇಳಿದರು. ನನಗಾಗ ಒಂಬತ್ತು.
ಆಕಾಶದವರು ಹೀಗೇ ಇರುತ್ತಾರೇನೋ ಅಂದುಕೊಂಡೆ.

ಕೋಳಿಗೂಡಿನ ಮುಂದೆ ಕೈ ಎತ್ತಿ ನಿಂತ.
ಅಮ್ಮನ ಕೈಯಲ್ಲಿದ್ದದ್ದು ಹಂದಿಯ ಕಲಗಚ್ಚಿನ ಬಕೆಟ್ಟು.
ಯಾರು ಯಾರಿಗೆ ಸೆರೆಯಾದರೋ,
ಇಬ್ಬರೂ ಬಹಳ ಹೊತ್ತು ಅಲುಗಲಿಲ್ಲ.
ಕೊನೆಗೆ ಭಾರ ತಡೆಯದೆ ಅಮ್ಮ ಬಕೆಟ್ಟು ಕೆಳಗಿಟ್ಟಳು.

ಅಡಿಗೆಮನೆಯಲ್ಲಿ ಕೂತ. ಹುಬ್ಬು ಸುಟ್ಟಿತ್ತು.
ಎದೆ ಮುಟ್ಟಿಕೊಂಡು "ಆಲ್ವಿನ್" ಎಂದ.
"ರೋಸ್ವಿಥಾ" ಎನ್ನಲು ನಾನು ಬಾಯಿ ತೆರೆದಿದ್ದೆ,
ಅಮ್ಮ ಕಣ್ಣಲ್ಲೇ ಗದರಿದಳು.
ಹೆಸರು ಕೊಟ್ಟರೆ ನೆಂಟಸ್ತಿಕೆ.

ಬಾಗಿಲ ಪಕ್ಕ ಅಪ್ಪನ ಬೂಟು.
ರಷ್ಯಾದಿಂದ ಕಾಗದ ನಿಂತು ಹದಿನಾಲ್ಕು ತಿಂಗಳು;
ಶನಿವಾರ ಶನಿವಾರ ಅವಕ್ಕೆ ಪಾಲಿಶು ತಪ್ಪುತ್ತಿರಲಿಲ್ಲ.
ಅವನ ಕಾಲು ನೋಡಿದಳು, ಬೂಟು ನೋಡಿದಳು,
ಮತ್ತೆ ಕಾಲು.
ತನ್ನನ್ನೇ ಬೈದುಕೊಳ್ಳುತ್ತ ತಂದು ಅವನ ಮುಂದೆ ಕುಕ್ಕಿದಳು.
ದೊಡ್ಡದಾಯಿತು. ನಿನ್ನೆಯ ಪೇಪರು ಹರಿದು
ಉಂಡೆ ಮಾಡಿ ತುದಿಗೆ ತುರುಕಿದಳು,
ನನ್ನ ಶಾಲೆಯ ಬೂಟಿಗೆ ತುರುಕುವ ಹಾಗೇ.

ಸೈಕಲ್ಲು ತಳ್ಳಿಕೊಂಡು ಓಟ್ಮಾರ್ ಮಾಮ ಬಂದ, ಊರಿನ ಪೊಲೀಸು.
ಸ್ಟೇಷನ್ನಿಗೆ ಐದು ಕಿಲೋಮೀಟರು.
"ಅಲ್ಲಿಂದ ರೈಲು, ರೈಲಿನಿಂದ ಕ್ಯಾಂಪು, ಕ್ಯಾಂಪಿನಿಂದ ಒಂದು ದಿನ ಮನೆ.
ಪುಣ್ಯವಂತ" ಎಂದ.
ತಿರುವಿನಲ್ಲಿ ಅವನು ಬಗ್ಗಿ ಲೇಸು ಕಟ್ಟಿಕೊಂಡ.
ಮಾಮ ಸೈಕಲ್ಲು ನಿಲ್ಲಿಸಿ ಕಾದ.
ಅಷ್ಟು ನೋಡಿದ್ದೇನೆ. ಅಷ್ಟಕ್ಕೆ ನಾನು ಸಾಕ್ಷಿ.

ಆ ಬೆಳಿಗ್ಗೆ ಯಾವ ರೈಲು ತಡವಾಗಿತ್ತು,
ಫ್ರಾಂಕ್‌ಫರ್ಟಿನಿಂದ ಬಂದಿಳಿದವರಲ್ಲಿ
ಕೂಸಿನ ಗಾಡಿಯಲ್ಲಿ ಗೋಡೆಗಡಿಯಾರ ಮಲಗಿಸಿಕೊಂಡಿದ್ದ ಹೆಂಗಸು ಯಾರು,
ಮೊದಲ ಏಟು ಯಾರದು,
ಮಾಮ ಆಗ ಸೈಕಲ್ಲಿಗೆ ಬೀಗ ಹಾಕುತ್ತಿದ್ದನೆ,
ಬೇಕೆಂದೇ ನಿಧಾನ ಹಾಕುತ್ತಿದ್ದನೆ,
ಊರು ಇದನ್ನೆಲ್ಲ ಒಂದು ಕೆಮ್ಮಿನಲ್ಲಿ ಮುಗಿಸುತ್ತದೆ.

ಕತ್ತಲಾದ ಮೇಲೆ ಮಾಮ ಮತ್ತೆ ಬಂದ.
ಹ್ಯಾಂಡಲ್ಲಿಗೆ ನೇತುಹಾಕಿದ್ದ ಬೂಟು.
"ನಿನ್ನ ಗಂಡನದಲ್ಲವೆ, ಹಾಳಾಗಬಾರದು ಅಂತ."
ಅಮ್ಮ ಏನೂ ಕೇಳಲಿಲ್ಲ.
ತಣ್ಣೀರಲ್ಲಿ ತೊಳೆದಳು. ರಕ್ತಕ್ಕೆ ತಣ್ಣೀರೇ ಆಗಬೇಕು,
ಅದು ಹೆಂಗಸರಿಗೆ ಗೊತ್ತು.
ಒಳಗೆ ಮಾತ್ರ ಕೈ ಹಾಕಲಿಲ್ಲ.

ಯುದ್ಧ ಮುಗಿದ ವರ್ಷ ಜೀಪು ಬಂತು:
ಒಬ್ಬ ಅಧಿಕಾರಿ, ಗುದ್ದಲಿ ಹಿಡಿದ ಇಬ್ಬರು.
ಸ್ಮಶಾನದ ಗೋಡೆಯ ಹೊರಗೆ ತುರುಚೆ ಗಿಡ ಸವರಿ ಅಗೆದರು.
ಪುಸ್ತಕದಲ್ಲಿ ಬರೆದುಕೊಂಡರಂತೆ, ಬರಿಗಾಲು ಎಂದು.
ಮಾಮನಿಗೆ ಆರು ವರ್ಷ ಜೈಲಾಯಿತು.
ಅಮ್ಮ ಆ ಶನಿವಾರವೂ ಪಾಲಿಶು ಹಾಕಿದಳು.

ಅಪ್ಪ ಬಂದದ್ದು ನಲವತ್ತೊಂಬತ್ತರಲ್ಲಿ.
ಅವನೂ ಸೆರೆಯಿಂದಲೇ, ಕಾಲಿಗೆ ಗೋಣಿ ಸುತ್ತಿಕೊಂಡು.
ಸೂಪು ಕುಡಿದ. ಬೂಟಿಗೆ ಕಾಲು ತೂರಿಸಿದ, ತಡೆಯಿತು.
ಬೆರಳು ಹಾಕಿ ಎಳೆದ: ಕಲ್ಲಾದ ಕಾಗದದ ಉಂಡೆ.
ಇನ್ನೊಂದರಲ್ಲೂ ಒಂದು.
ದೀಪದ ಬಳಿ ಬಿಡಿಸಿ
ಅರ್ಧ ಅಳಿಸಿದ ತಾರೀಕು ಓದಿದ.
"ಈ ಮನೆಯಲ್ಲಿ ಯಾರದಿತ್ತು ಇಷ್ಟು ಚಿಕ್ಕ ಕಾಲು?"

ಅಮ್ಮ ಒಲೆಗೆ ಸೌದೆ ಒಡ್ಡುತ್ತಿದ್ದಳು. ಒಡ್ಡುತ್ತಲೇ ಇದ್ದಳು.
"ನನ್ನದು" ಎಂದೆ.
ಅಪ್ಪ ನನ್ನ ಕಾಲಿನ ಕಡೆ ನೋಡಲಿಲ್ಲ.